ನಿನ್ನೆಯ ನೀರು

ಅಕ್ಕಲಕೋಟ
೧೪ ಜೂನ್ ೧೯೭೬

ಪ್ರೀತಿಯ ಮಾಮಾ ಅವರಿಗೆ,
ಕಸ್ತೂರಿಯ ಶರಣು.

ನೀವು ಕಳಿಸಿದ ಗಾಜಿನ ಪೆಟ್ಟಿಗೆ ಒಂದು ಬಿರುಕೂ ಇಲ್ಲದೆ ಬಂದು ಮುಟ್ಟಿತು. ಅದನ್ನು ಎಸ್.ಟಿ. ಬಸ್ಸಿನಲ್ಲಿ ಹಾಕಿದ್ದೀರಿ ಎಂದು ತಿಳಿದಾಗಿನಿಂದ ಅವ್ವ ನಿಮ್ಮನ್ನು ಬೈಯುತ್ತಲೇ ಇದ್ದಳು. "ಕಾಚಿನ ಅಂಗಡಿ ಇಟ್ಟಾಂವಗ ಕಾಚು ಒಡೀತದ ಅಂಬೂದು ಗೊತ್ತಿಲ್ಲೇನು? ತಮ್ಮ ಅಂತ ಸುಮ್ನ ಅದೀನಿ" ಎಂದು. ಕಂಡಕ್ಟರ್ ಗೊಲ್ಲಾಳಪ್ಪ ತಾನೇ ಹೊತ್ತು ತಂದು ನನ್ನ ಮಂಚದ ಎದುರು ಇಳಿಸಿದ. ಈಗ ಕಿಟಕಿಯ ಪಕ್ಕ ಅಜ್ಜಿಯ ಹಳೆಯ ಸಂದೂಕದ ಮೇಲೆ ಕುಳಿತಿದೆ. ಇಷ್ಟು ದಿನ ಓಣಿಯವರು ಬಂದು ನನ್ನ ಕಾಲಿನ ಬಾವು ನೋಡಿ ಲೊಚಗುಟ್ಟಿ ಹೋಗುತ್ತಿದ್ದರು. ಈಗ ಪೆಟ್ಟಿಗೆ ನೋಡಿ ಹೋಗುತ್ತಾರೆ. ನನಗೆ ಅದೇ ದೊಡ್ಡ ಸುಖ.

ಗಿರಿಜಾಬಾಯಿ ದೊಡ್ಡವ್ವ ಮಾತ್ರ ನನ್ನ ಕೋಣೆಯ ಹೊಸ್ತಿಲು ದಾಟಲಿಲ್ಲ. ಅಪ್ಪ ತೀರಿಹೋದ ಮೇಲೆ ಈ ಮನೆಯ ಒಲೆಯೂ ದೇವರ ಜಗುಲಿಯೂ ಹಿರಿಯ ಸೊಸೆಯಾದ ಅವಳ ಕೈಯಲ್ಲೇ ಇವೆಯಲ್ಲ. "ಲಿಂಗ ಕಟ್ಟಿದ ಮನ್ಯಾಗ ಮೀನಾ? ನಾಳಿಗೆ ಕೋಳಿನೂ ತರ್ತಾನೇನು ನಿಮ್ಮ ಮಾಮಾ?" ಎಂದಳು. ಬಸಯ್ಯ ಸ್ವಾಮಿಗಳು ಬಂದಿದ್ದಾಗ ಅವರ ಮುಂದೆಯೂ ದೂರು ಹೋಯಿತು. ಅವರು ನಕ್ಕು, "ತಿನ್ನೂದು ಬ್ಯಾಡ, ನೋಡಿದ್ರ ಏನಾಗ್ತದ ಬಿಡವಾ" ಎಂದರು. ಇನ್ನೂ ಮೀನೇ ಬಂದಿಲ್ಲವಾದ್ದರಿಂದ ದೊಡ್ಡವ್ವ ಸದ್ಯ ಬಾಯಿ ಮುಚ್ಚಿದ್ದಾಳೆ.

ನನ್ನ ಸುದ್ದಿ ಹೊಸದೇನಿಲ್ಲ. ಡಾಕ್ಟರರು ವಾಲ್ವ್ ಎನ್ನುವ ಎದೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಆಪರೇಶನ್ನಿಗೆ ಮೈಯಲ್ಲಿ ತ್ರಾಣವಿಲ್ಲ, ಮಲಗಿರಬೇಕು. ಉಪ್ಪು ಬಂದ್. ನೀರು ದಿನಕ್ಕೆ ಅಳತೆಯ ನಾಲ್ಕು ಲೋಟ. ಇಪ್ಪತ್ತೊಂದು ವರ್ಷದ ಹುಡುಗಿ ನೀರಿಗಾಗಿ ಅವ್ವನ ಹತ್ತಿರ ಚೌಕಾಸಿ ಮಾಡುವುದನ್ನು ನೀವು ನೋಡಬೇಕು.

ಮಾಮಾ, ಒಂದು ಷರತ್ತು. ಈ ಕೋಣೆಯಲ್ಲಿ ನನ್ನ ಎದುರಿಗೆ ಏನಾದರೂ ಅತ್ತಿಂದಿತ್ತ ಓಡಾಡಬೇಕು ಎಂಬುದೊಂದೇ ನನ್ನ ಆಸೆ. ಗೋಡೆ ನೋಡಿ ನೋಡಿ ಸಾಕಾಗಿದೆ. ಆದರೆ ನನ್ನ ಕಣ್ಣೆದುರು ಮೀನು ಸತ್ತು ತೇಲಬಾರದು. ಹೊಸ ಪೆಟ್ಟಿಗೆಯಲ್ಲಿ ಮೊದಲು ಬಿಟ್ಟ ಮೀನು ಬದುಕುವುದಿಲ್ಲ ಎಂದು ಗೊಲ್ಲಾಳಪ್ಪ ಹೇಳಿದ. ಹಾಗಿದ್ದರೆ ಮೀನೇ ಬೇಡ. ಬದುಕುವ ಹಾಗಿದ್ದರೆ ತನ್ನಿ.

ನಿಮ್ಮ ಪ್ರೀತಿಯ
ಕಸ್ತೂರಿ


ಸೋಲಾಪುರ
೧೯ ಜೂನ್ ೧೯೭೬

ಚಿ. ಕಸ್ತೂರಿಗೆ ಮಾಮಾನ ಆಶೀರ್ವಾದ.

ನಿನ್ನ ಪತ್ರ ಓದಿದೆ ಎನ್ನುವುದಕ್ಕಿಂತ ಬಿಡಿಸಿದೆ. ಮರಾಠಿ ಸಾಲೆಯಲ್ಲಿ ಕಲಿತವಳು ಕನ್ನಡ ಅಕ್ಷರಗಳ ತಲೆಯ ಮೇಲೂ ಗೆರೆ ಎಳೆದಿದ್ದೀಯ. ಸಾಲಾಗಿ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ. ನಿನ್ನ ಅತ್ತೆ ಲೀಲಾಬಾಯಿ ಅದನ್ನು ಮರಾಠಿ ಎಂದೇ ತಿಳಿದು ಓದಲು ಕೂತಿದ್ದಳು.

ನಿನ್ನ ಷರತ್ತನ್ನು ನಮ್ಮ ಅಮೃತಪ್ಪನ ಮುಂದೆ ಇಟ್ಟೆ. ಅವನು ರೈಲ್ವೆಯಲ್ಲಿ ಕ್ಲಾರ್ಕ್, ನಮ್ಮ ಅಂಗಡಿಯ ಹಿಂದಿನ ವಾಡೆಯಲ್ಲಿರುತ್ತಾನೆ, ಮನೆಯಲ್ಲಿ ಮಕ್ಕಳಿಗಿಂತ ಮೀನು ಹೆಚ್ಚು. ಅವನು ಹೇಳಿದ್ದು ಇಷ್ಟು. ಹೊಸ ನೀರು ಮೀನಿಗೆ ವಿಷ. ಅದರ ಹೊಲಸು ಅದೇ ನೀರಿನಲ್ಲಿ ಉಳಿದು ಅದನ್ನೇ ಕೊಲ್ಲುತ್ತದೆ. ಹಳೆಯ ನೀರಿನಲ್ಲಿ ಆ ಹೊಲಸನ್ನು ತಿಂದು ತೀರಿಸುವ, ಕಣ್ಣಿಗೆ ಕಾಣದ ಜೀವಗಳು ಹುಟ್ಟಿಕೊಂಡಿರುತ್ತವೆ. ಕೆಲವರು ಮೊದಲು ಎರಡು ಅಗ್ಗದ ಮೀನು ಬಿಟ್ಟು, ಸತ್ತರೆ ಸಾಯಲಿ ಎಂದು ನೀರನ್ನು ಹದಕ್ಕೆ ತರುತ್ತಾರಂತೆ. ನಿನ್ನ ಷರತ್ತು ಕೇಳಿದ ಮೇಲೆ ಅವನು ಆ ಮಾತು ಬಿಟ್ಟು, "ಹಂಗಾದ್ರ ಮೀನಿಲ್ಲದಽ ಮಾಡೂಣು. ಆದ್ರ ತಾಳ್ಮಿ ಬೇಕ್ರಿ ಶೇಟಜಿ" ಎಂದ.

ಈ ಪತ್ರದ ಜೊತೆ ಒಂದು ಡಬ್ಬಿ ಬರುತ್ತದೆ. ಅದರಲ್ಲಿರುವುದು ಅಮೃತಪ್ಪನ ಪೆಟ್ಟಿಗೆಯ ತಳದ ಹಳೆಯ ಮರಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದನ್ನು ನಿಮ್ಮ ಮರಳಿನಲ್ಲಿ ಬೆರೆಸಬೇಕು. ಹಿತ್ತಲ ಬಾವಿಯ ನೀರು ತುಂಬಿಸಿ, ಕೆರೆಯ ಪಾಚಿಗಿಡ ಒಂದೆರಡು ನೆಟ್ಟು ಬಿಡಬೇಕು. ಒಳಗೆ ಮೀನು ಇದೆ ಎಂದೇ ತಿಳಿದು ದಿನಾ ಒಂದು ಚಿಟಿಕೆ ಹಿಟ್ಟು ಹಾಕಬೇಕು. ಮೊದಲು ಅದು ಕೊಳೆಯುತ್ತದೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ, ನಾರುತ್ತದೆ. ಹೆದರಬೇಡ, ಅದೇ ಒಳ್ಳೆಯ ಲಕ್ಷಣ. ಆಮೇಲೆ ತಾನಾಗಿ ತಿಳಿಯಾಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ನೀರು ತಯಾರಾಯಿತು ಎಂದು ಅರ್ಥ. ಒಂದೂವರೆ ತಿಂಗಳು ಬೇಕು.

ಶ್ರಾವಣದಲ್ಲಿ ನಾನೇ ಮೀನು ತೆಗೆದುಕೊಂಡು ಬರುತ್ತೇನೆ. ಅಕ್ಕನಿಗೆ ಹೇಳು, ನನ್ನ ಪಾಲಿನ ಹೋಳಿಗೆ ಆವತ್ತಿಗೆ ಇರಲಿ.

ನಿನ್ನ ಮಾಮಾ
ಚನ್ನವೀರಪ್ಪ


ಅಕ್ಕಲಕೋಟ
೩೧ ಜುಲೈ ೧೯೭೬

ಮಾಮಾ ಅವರಿಗೆ ಶರಣು.

ನೀರು ಹೋಯಿತು. ಅಷ್ಟೂ ಹೋಯಿತು.

ಹೋದ ವಾರ ಬರೆಯಬೇಕೆಂದಿದ್ದೆ, ನೀರು ಬೆಳ್ಳಗಾಗಿದೆ ಎಂದು. ನೀವು ಹೇಳಿದ ಹಾಗೇ ನಾರುತ್ತಿತ್ತು. ಅಂಥ ಕೆಟ್ಟ ವಾಸನೆಗೆ ಅಷ್ಟು ಖುಷಿಪಟ್ಟವಳು ಅಕ್ಕಲಕೋಟದಲ್ಲಿ ನಾನೊಬ್ಬಳೇ ಇರಬೇಕು. ಅಮಾಸೆಯ ದಿನ ನನಗೆ ಇಂಜೆಕ್ಷನ್ ಆಗಿತ್ತು. ಅದಾದರೆ ಜ್ವರ ಬಂದು ಮಂಪರು ಹತ್ತುತ್ತದೆ. ಮರುದಿನ ಶ್ರಾವಣ ಹಿಡಿಯುವುದೆಂದು ಮನೆಯಲ್ಲಿ ಮಾಡ ಮೂಲೆ ಎಲ್ಲ ತೊಳೆಯುತ್ತಿದ್ದರು. ಎಚ್ಚರಾದಾಗ ನೋಡುತ್ತೇನೆ, ಪೆಟ್ಟಿಗೆ ಖಾಲಿ. ಅವ್ವ ಮೊಣಕಾಲೂರಿ ಕುಳಿತು ಬೂದಿ ಹುಣಸೆಹಣ್ಣು ಹಚ್ಚಿ ಗಾಜು ತಿಕ್ಕುತ್ತಿದ್ದಾಳೆ. ಮರಳನ್ನು ಕುದಿಯುವ ನೀರಲ್ಲಿ ತೊಳೆದು ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಒಣಗಲು ಹರವಿದ್ದಾಳೆ. ಪಾಚಿಗಿಡ ತಿಪ್ಪೆಗೆ ಹೋಗಿತ್ತು.

"ನೋಡವಾ, ಹ್ಯಾಂಗ ಫಳಾಫಳಾ ಆತು! ನೀರು ಹಳಸಿ ನಾರಾಕತ್ತಿತ್ತು. ಜಡ್ಡಿನ ಕೂಸಿನ ಎದರಿಗಿ ಅಂಥಾದ್ದು ಇಡಬೇಕೇನು?" ಎಂದಳು. ಮುಖದಲ್ಲಿ ಎಂಥ ಸಂಭ್ರಮ ಮಾಮಾ!

ನಮ್ಮ ಮನೆಯ ರೀತಿ ನಿಮಗೆ ಗೊತ್ತಿದೆ, ನೀವೂ ಅದೇ ಪದ್ಧತಿಯಲ್ಲಿ ಬೆಳೆದವರು. ನಿನ್ನೆ ತುಂಬಿದ ನೀರು ಇವತ್ತು ಮನೆಯಲ್ಲಿ ಇರಬಾರದು. ಬೆಳಗಾದರೆ ಕೊಡ, ಹಂಡೆ, ತಂಬಿಗೆ ಎಲ್ಲ ಚೆಲ್ಲಿ, ಬೆಳಗಿ, ಹೊಸ ನೀರು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗಲೂ ದೊಡ್ಡವ್ವ ಇದನ್ನು ಬಿಟ್ಟವಳಲ್ಲ. ಪೆಟ್ಟಿಗೆಯ ನೀರು ತಿಂಗಳ ಮೇಲೆ ನಿಂತದ್ದನ್ನು ಅವ್ವ ಹೇಗೆ ಸಹಿಸಿಕೊಂಡಿದ್ದಳೋ! ನಾನು ಹೇಳಿರಲಿಲ್ಲವೆಂದಲ್ಲ. ಹೇಳಿದ್ದೆ. ಅವಳು ಹೂಂ ಎಂದಿದ್ದಳು. ಆದರೆ ಬೆಳ್ಳಗಾಗಿ ನಾರಿದ್ದೇ ತಡ, ನನ್ನ ಮಾತಿಗಿಂತ ಅವಳ ಕೈಯ ರೂಢಿ ದೊಡ್ಡದಾಯಿತು.

ನಾನು ಕೂಗಾಡಿದೆ. ನೀ ನನ್ನ ಮೀನ ಕೊಂದಿ ಎಂದೆ. ಅವಳು ಬೂದಿಗೈಯಲ್ಲೇ ನಿಂತು, "ಅದರಾಗ ಮೀನಽ ಇದ್ದಿಲ್ಲಲ್ಲ ಕಸ್ತೂರಿ" ಎಂದಳು. ನನಗೆ ಉಸಿರು ಸಿಕ್ಕಿಕೊಂಡಿತು. ಅವಳು ಹೆದರಿ ಎದೆ ನೀವಿದಳು. ಎದೆಯ ಮೇಲೆಲ್ಲ ಬೂದಿಯಾಯಿತು. ಆಮೇಲೆ ಇಬ್ಬರೂ ಅತ್ತೆವು.

ಮತ್ತೆ ಒಂದೂವರೆ ತಿಂಗಳು. ನಿಮಗೆ ಒಂದೂವರೆ ತಿಂಗಳು ಅಂದರೆ ಒಂದೂವರೆ ತಿಂಗಳು. ನನಗೆ ಅದು ಎಷ್ಟೋ ಗೊತ್ತಿಲ್ಲ.

ಕಸ್ತೂರಿ


ಸೋಲಾಪುರ
೭ ಆಗಸ್ಟ್ ೧೯೭೬

ಚಿ. ಕಸ್ತೂರಿಗೆ ಆಶೀರ್ವಾದ.

ಅಕ್ಕನ ಮೇಲೆ ಸಿಟ್ಟು ಮಾಡಬೇಡ. ನಿನ್ನ ಪತ್ರ ಓದಿ ಮೊದಲು ನಾನೂ ಅಂಗಡಿಯಲ್ಲಿ ಒಬ್ಬನೇ ಕೂಗಾಡಿದೆ. ಗಿರಾಕಿ ಒಬ್ಬ ಬಂದವನು ಹಾಗೇ ಹೋದ. ಆದರೆ ನೆನಪಿಸಿಕೋ, ಅವಳು ಹುಟ್ಟಿದಾಗಿನಿಂದ ಬೆಳಗಾಗೆದ್ದು ನೀರು ಚೆಲ್ಲಿಯೇ ದಿನ ಶುರು ಮಾಡಿದವಳು. ನಮ್ಮ ಅವ್ವ ಅವಳಿಗೆ ಕಲಿಸಿದ ಮೊದಲ ಕೆಲಸ ಅದು.

ಇನ್ನೊಂದು ಡಬ್ಬಿ ಮರಳನ್ನು ಗೊಲ್ಲಾಳಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಈ ಸಲ ಡಬ್ಬಿ ಬಿಚ್ಚುವ ಮೊದಲು ಅಕ್ಕನಿಂದ ಆಣೆ ಮಾಡಿಸಿಕೋ.

ಮೊನ್ನೆ ನಿನ್ನ ಡಾಕ್ಟರರನ್ನು ಕಂಡು ಬಂದೆ. ಗುಳಿಗೆ ನಡೆಯಲಿ ಎಂದರು. ಬೇರೇನೂ ಹೇಳಲಿಲ್ಲ. ಆಮೇಲೆ ಅಂಗಡಿಗೆ ಬಂದು ಒಂದು ದೊಡ್ಡ ಕನ್ನಡಿಯನ್ನು ತಪ್ಪು ಅಳತೆಗೆ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ಕಸ್ತೂರಿ, ಒಂದು ಮಾತು ಕೇಳುತ್ತೀಯಾ? ಷರತ್ತು ಸ್ವಲ್ಪ ಸಡಿಲು ಮಾಡು. ಬರುವ ಭಾನುವಾರವೇ ಎರಡು ಮೀನು ತಂದುಬಿಡುತ್ತೇನೆ. ಬದುಕಿದರೆ ಬದುಕಲಿ. ಹೋದರೆ ನೀನು ನಿದ್ದೆಯಲ್ಲಿದ್ದಾಗ ಅಕ್ಕ ತೆಗೆದುಹಾಕುತ್ತಾಳೆ, ನಾನು ಬೇರೆ ತರುತ್ತೇನೆ. ನಿನಗೆ ಗೊತ್ತೂ ಆಗುವುದಿಲ್ಲ. ಸುಮ್ಮನೆ ಕಾಯುವುದು ಯಾಕೆ?

ನಿನ್ನ ಮಾಮಾ
ಚನ್ನವೀರಪ್ಪ


ಅಕ್ಕಲಕೋಟ
೧೬ ಆಗಸ್ಟ್ ೧೯೭೬

ಮಾಮಾ ಅವರಿಗೆ ಶರಣು.

ಡಾಕ್ಟರರು ಬೇರೇನೂ ಹೇಳಲಿಲ್ಲ ಎಂದು ಬರೆದಿದ್ದೀರಿ. ನನಗೆ ಹೇಳಿದ್ದಾರೆ. ಹೋದ ಸಲ ತಪಾಸಣೆಗೆ ಸೋಲಾಪುರಕ್ಕೆ ಬಂದಾಗ ಅವ್ವ ಔಷಧಿ ತರಲು ಹೊರಗೆ ಹೋಗಿದ್ದಳು. ನಾನೇ ಕೇಳಿದೆ. ಮರಾಠಿಯಲ್ಲಿ ಕೇಳಿದೆ, ಕನ್ನಡದಲ್ಲಿ ಕೇಳಲು ಧೈರ್ಯವಾಗಲಿಲ್ಲ. ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಅವ್ವನಿಗೆ ಇದು ಗೊತ್ತಿಲ್ಲ ಎಂದು ತಿಳಿದಿದ್ದೇನೆ. ಗೊತ್ತಿದ್ದರೂ ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೇವೆ.

ಅದಕ್ಕೇ ಹೇಳುತ್ತೇನೆ, ಷರತ್ತು ಸಡಿಲಾಗುವುದಿಲ್ಲ. ನಾನು ಮಲಗಿದ್ದಾಗ ತೆಗೆದುಹಾಕಿ ಬೇರೆ ತರುತ್ತೀರಾ? ಮಾಮಾ, ನಾನು ಹೋದ ಮೇಲೆ ಅವ್ವನಿಗೂ ಹಾಗೆ ಬೇರೆ ತಂದುಕೊಡುತ್ತೀರೇನು? ಒರಟಾಗಿ ಬರೆದೆ, ಕ್ಷಮಿಸಿ. ನನಗಾಗಿ ಮೊದಲು ಸಾಯಲು ಯಾವುದನ್ನೂ ತರಬೇಡಿ. ಕಾಯುತ್ತೇನೆ.

ಪೆಟ್ಟಿಗೆ ಮತ್ತೆ ತುಂಬಿದೆ. ಅವ್ವ ಈಗ ಪೂರಾ ಬೇರೆ ಹೆಂಗಸು. ಬೆಳಿಗ್ಗೆ ಮನೆಯ ಎಲ್ಲ ನೀರೂ ಚೆಲ್ಲುತ್ತಾಳೆ, ಇದರ ಹತ್ತಿರ ಬಂದಾಗ ಕೊಡವನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾಳೆ. ಜೋಳದ ಹಿಟ್ಟು ಚಿಟಿಕೆ ಹಾಕುವುದು ಅವಳದೇ ಕೆಲಸ. ಹಾಕಿ, "ಉಣ್ರಿ" ಎನ್ನುತ್ತಾಳೆ, ಒಳಗೆ ಯಾರೂ ಇಲ್ಲದಿದ್ದರೂ. ಮೊನ್ನೆ ದೊಡ್ಡವ್ವ ಮೂಗು ಮುಚ್ಚಿಕೊಂಡು ಬಂದು, "ಇಂದೂ, ಇದು ಮತ್ತ ನಾರಾಕತ್ತದ" ಎಂದಾಗ ಅವ್ವ ಎದ್ದು ನಿಂತು, "ನಾರಲಿ ಅಕ್ಕಾ. ಅದು ನಾರಬೇಕು" ಎಂದಳು. ಅವ್ವ ದೊಡ್ಡವ್ವನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ನನ್ನ ನಾಲ್ಕು ಲೋಟ ಈಗ ಮೂರಾಗಿದೆ. ನಾಲ್ಕು ಕೊಡ ನೀರನ್ನು ಎದುರಿಗೆ ಇಟ್ಟುಕೊಂಡು ಬಾಯಾರಿ ಮಲಗಿರುತ್ತೇನೆ. ನಗು ಬರುತ್ತದೆ.

ಕಸ್ತೂರಿ


ಅಕ್ಕಲಕೋಟ
೧ ಅಕ್ಟೋಬರ್ ೧೯೭೬

ಮಾಮಾ,

ನೀರು ತಯಾರಾಗಿದೆ. ಇವತ್ತು ಅವ್ವ ಅಂಗೈಯಲ್ಲಿ ತಂದು ಮೂಗಿನ ಹತ್ತಿರ ಹಿಡಿದಳು. ಮಳೆ ಬಿದ್ದ ಮಣ್ಣಿನ ವಾಸನೆ. ಗಾಜಿನ ಒಂದು ಮಗ್ಗುಲಲ್ಲಿ ಹಸಿರು ಹಿಡಿದಿದೆ. ನೀರು ಎಷ್ಟು ತಿಳಿಯಾಗಿದೆ ಎಂದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಇಡೀ ದಿನ ಅದನ್ನೇ ನೋಡಿದೆ.

ಬೇಗ ಬನ್ನಿ. ಈಗ ಕೂತುಕೊಂಡೇ ಮಲಗುತ್ತೇನೆ, ಅಡ್ಡಾದರೆ ಉಸಿರಾಡಲಾಗುವುದಿಲ್ಲ. ಅಕ್ಷರದ ತಲೆಯ ಮೇಲೆ ಗೆರೆ ಎಳೆಯುವಷ್ಟು ಕೈ ನಿಲ್ಲುತ್ತಿಲ್ಲ. ಈ ಪತ್ರ ನಿಮಗೆ ಓದಲು ಸುಲಭವಾದೀತು.

ಕಸ್ತೂರಿ


ಸೋಲಾಪುರ
೫ ಅಕ್ಟೋಬರ್ ೧೯೭೬

ಚಿ. ಕಸ್ತೂರಿಗೆ ಅನೇಕ ಆಶೀರ್ವಾದ.

ಪತ್ರ ಇವತ್ತು ಸಿಕ್ಕಿತು. ಭಾನುವಾರ, ಹತ್ತನೇ ತಾರೀಖು, ಮೊದಲ ಬಸ್ಸಿಗೆ ಬರುತ್ತೇನೆ. ನಾಳೆಯೇ ಹೊರಡುತ್ತಿದ್ದೆ. ಆದರೆ ಮೀನು ತರಲು ಪುಣೆಗೆ ಹೋದ ಅಮೃತಪ್ಪ ಶನಿವಾರ ಹಿಂದಿರುಗುತ್ತಾನೆ. ಕೆಂಪನೆಯವು ನಾಲ್ಕು ಬೇಕೆಂದು ಹೇಳಿ ಕಳಿಸಿದ್ದೇನೆ. ಲೀಲಾ ಹಾಲಿನ ಕ್ಯಾನು ತೊಳೆದು ತಯಾರು ಇಟ್ಟಿದ್ದಾಳೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬರುತ್ತೇನೆ, ಬಸ್ಸಿನ ನೆಲಕ್ಕೆ ತಾಗಿಸುವುದಿಲ್ಲ.

ಭಾನುವಾರದವರೆಗೆ ಸುಮ್ಮನೆ ಇರು. ಮಾತು ಬೇಡ, ಪತ್ರ ಬೇಡ.

ನಿನ್ನ ಮಾಮಾ
ಚನ್ನವೀರಪ್ಪ


ಅಕ್ಕಲಕೋಟ
೧೨ ಡಿಸೆಂಬರ್ ೧೯೭೬

ಚಿ. ತಮ್ಮ ಚನ್ನವೀರಪ್ಪನಿಗೆ ಅಕ್ಕ ಇಂದುಬಾಯಿಯ ಆಶೀರ್ವಾದ.

ಎರಡು ತಿಂಗಳಾಯಿತು. ನೀನು ಬರಲಿಲ್ಲ, ಬರೆಯಲಿಲ್ಲ. ಕಸ್ತೂರಿಯ ಗಣಾರಾಧನೆಯ ಊಟಕ್ಕೂ ಲೀಲಾಬಾಯಿ ಒಬ್ಬಳೇ ಬಂದಳು. ನನಗೆ ಬರೆಯುವ ರೂಢಿ ಇಲ್ಲ, ನಾಲ್ಕನೇ ಇಯತ್ತೆಯವರೆಗೆ ಕಲಿತ ಕನ್ನಡ. ತಪ್ಪಿದ್ದರೆ ಸಾವರಿಸಿಕೊಂಡು ಓದು.

ಆ ಭಾನುವಾರ ನೀನು ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಾಗ ಅಂಗಳದ ತುಂಬ ಜನ. ನೀನು ಒಳಗೆ ಬಂದೆ, ಅವಳನ್ನು ನೋಡಿದೆ, ಆಮೇಲೆ ಆ ಖಾಲಿ ಪೆಟ್ಟಿಗೆಯನ್ನು ನೋಡಿದೆ. ಎಲ್ಲರ ಮುಂದೆ ನನಗೆ ಒಂದೇ ಮಾತು ಅಂದೆ. "ಮತ್ತ ಚೆಲ್ಲಿದಿ ಏನಕ್ಕಾ?" ಅಂದೆ. ಮಣ್ಣು ಕೊಟ್ಟು ಅಲ್ಲಿಂದಲೇ ಬಸ್ಸು ಹಿಡಿದು ಹೋದೆ. ಆ ಮಾತಿಗೆ ಈಗ ಉತ್ತರ ಕೊಡುತ್ತೇನೆ.

ಅವಳು ಬೆಳಗಿನ ಜಾವ ಹೋದಳು. ಹೋಗುವ ಮುಂಚೆ ನೀರು ಕೇಳಿದಳು. ಅಳತೆಯ ಲೋಟ ಬಿಟ್ಟು ತಂಬಿಗೆಯಲ್ಲೇ ಕೊಟ್ಟೆ. ಎರಡು ಗುಟುಕು ಇಳಿಯಿತು. "ಮಾಮಾ ಬಂದಾನೇನು?" ಅಂದಳು. ಬಸ್ಸು ಬಿಟ್ಟಿರಬೇಕು ಎಂದೆ. ಅಷ್ಟೇ.

ಬೆಳಗಾಗುತ್ತಲೇ ಓಣಿಯ ಹೆಂಗಸರು ಬಂದರು. ಸಾವಾದ ಮನೆಯಲ್ಲಿ ನೀರು ನಿಲ್ಲಿಸಬಾರದು ಎಂದು ಕೊಡ ಹಂಡೆ ಎಲ್ಲ ಚೆಲ್ಲತೊಡಗಿದರು. ನಮ್ಮಲ್ಲಿ ಸೂತಕವಿಲ್ಲ ಎಂದು ಬಸಯ್ಯ ಸ್ವಾಮಿಗಳು ವರ್ಷಕ್ಕೆ ಹತ್ತು ಸಲ ಹೇಳುತ್ತಾರೆ. ಆದರೆ ನಮ್ಮ ಓಣಿಯಲ್ಲಿ ನೀರು ಚೆಲ್ಲುವಾಗ ಯಾರೂ ಸ್ವಾಮಿಗಳನ್ನು ಕೇಳುವುದಿಲ್ಲ. ನಾನು ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಗಿರಿಜಕ್ಕ ಕೊಡ ತಂದು ಪೆಟ್ಟಿಗೆಯಲ್ಲಿ ಅದ್ದಿದಳು. "ಅದೊಂದು ಬಿಡಕ್ಕಾ, ಇವತ್ತ ಮೀನ ಬರ್ತಾವ" ಎಂದೆ. ಅವಳು ಅತ್ತುಕೊಂಡೇ, "ಯಾರು ನೋಡಾಕ ಬರ್ತಾವ ಇಂದೂ?" ಎಂದಳು. ತೊಡೆಯ ಮೇಲಿನ ತಲೆಯನ್ನು ಕೆಳಗಿಟ್ಟು ಏಳಲು ನನಗೆ ಆಗಲಿಲ್ಲ ತಮ್ಮಾ. ಎದ್ದಿದ್ದರೆ ನೀರು ಉಳಿಯುತ್ತಿತ್ತು. ನಾನು ಏಳಲಿಲ್ಲ.

ಇನ್ನೊಂದು ನಿನಗೆ ಗೊತ್ತಿಲ್ಲ. ಕ್ಯಾನನ್ನು ನೀನು ಕಟ್ಟೆಯ ಮೂಲೆಯಲ್ಲಿ ಇಟ್ಟು ಮರೆತು ಹೋಗಿದ್ದೆ. ಮರುದಿನ ಅಂಗಳ ಗುಡಿಸುವಾಗ ನನ್ನ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದೆ. ನಾಲ್ಕೂ ಜೀವಂತ ಇದ್ದವು. ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕಸ್ತೂರಿಯೂ ಕಡೆಕಡೆಗೆ ಹಾಗೇ ಮಾಡುತ್ತಿದ್ದಳು.

ಮನೆಯಲ್ಲಿದ್ದುದು ಆಗಷ್ಟೇ ಬಾವಿಯಿಂದ ಸೇದಿದ ನೀರು. ಹೊಸ ನೀರು ವಿಷ ಎಂದು ನನ್ನ ಮಗಳು ನನಗೆ ಕಲಿಸಿ ಹೋಗಿದ್ದಳು. ನಾನು ಕೊಡ ತಗೊಂಡು ಓಣಿಗೆ ಹೊರಟೆ. ಸೆರಗು ನೆಟ್ಟಗಿತ್ತೋ ಇಲ್ಲವೋ ಗೊತ್ತಿಲ್ಲ. ಪ್ರತಿ ಬಾಗಿಲಿಗೆ ನಿಂತು, "ನಿಮ್ಮ ಮನ್ಯಾಗ ನಿನ್ನಿ ನೀರು ಅದ ಏನ್ರಿ? ಒಂದೀಟು ನಿನ್ನಿ ನೀರು ಕೊಡ್ರಿ" ಎಂದು ಕೇಳಿದೆ. ಸಾವಿನ ಮನೆಯ ಹೆಂಗಸು ಮರುದಿನವೇ ಬಾಗಿಲಿಗೆ ಬಂದಳಲ್ಲ ಎಂದು ಅವರು ಹಿಂದೆ ಸರಿದರು. ಕೆಲವರು ಅತ್ತರು. ಧೂಳಪ್ಪನ ಹೆಂಡತಿ ಪಾರ್ವತಿ ನನ್ನ ಕೈ ಹಿಡಿದು, "ಯಕ್ಕಾ, ನಿನ್ನಿ ನೀರು ಯಾರ ಮನ್ಯಾಗ ಇರ್ತಾವ? ಬೆಳಗಾಗುತ್ಲೆ ಎಲ್ಲಾರೂ ಚೆಲ್ಲೇವಿ" ಎಂದಳು. ಇಡೀ ಓಣಿಯಲ್ಲಿ ಒಂದು ತಂಬಿಗೆ ನಿನ್ನೆಯ ನೀರು ಸಿಗಲಿಲ್ಲ. ಸಿಗುವುದು ಹೇಗೆ? ನಾನೂ ಜೀವನವಿಡೀ ಚೆಲ್ಲಿದವಳೇ.

ಪೆಟ್ಟಿಗೆಗೆ ಬಾವಿಯ ನೀರೇ ತುಂಬಿ ಅದರಲ್ಲಿ ಬಿಟ್ಟೆ. ಬೇರೆ ದಾರಿ ಇರಲಿಲ್ಲ. ಒಂದು ಆವತ್ತೇ ಹೋಯಿತು. ಉಳಿದವು ಆ ವಾರದಲ್ಲೇ ಒಂದೊಂದಾಗಿ ಹೋದವು. ಕಸ್ತೂರಿಯ ಮಂಚದ ಮೇಲೆ ಕೂತು ನಾನೇ ನೋಡಿದೆ. ಅವಳ ಕಣ್ಣೆದುರು ಆಗಲಿಲ್ಲ. ಅವಳ ಷರತ್ತು ಅಷ್ಟು ಮಟ್ಟಿಗೆ ಉಳಿಯಿತು ಎಂದು ನಿನಗೆ ತಿಳಿಸಬೇಕೆಂದೇ ಇಷ್ಟೆಲ್ಲ ಬರೆದೆ.

ನೀನು ಸಿಟ್ಟು ಬಿಟ್ಟರೂ ಬಿಡದಿದ್ದರೂ ನಡೆಯುತ್ತದೆ. ಮೀನು ಮಾತ್ರ ಇನ್ನು ತರಬೇಡ. ನೋಡುವವರು ಯಾರೂ ಇಲ್ಲ, ನನಗೂ ನೋಡುವ ಶಕ್ತಿ ಇಲ್ಲ.

ಪೆಟ್ಟಿಗೆಯ ನೀರನ್ನು ನಾನು ಚೆಲ್ಲಿಲ್ಲ. ದಿನಾ ಚಿಟಿಕೆ ಹಿಟ್ಟು ಹಾಕುತ್ತೇನೆ. ಗಿರಿಜಕ್ಕ ಈಗ ಏನೂ ಅನ್ನುವುದಿಲ್ಲ. ಮೊದಲು ಬೆಳ್ಳಗಾಗಿ ನಾರಿತು, ಈಗ ತಿಳಿಯಾಗಿದೆ, ಮಣ್ಣಿನ ವಾಸನೆ ಬರುತ್ತದೆ. ಈ ಓಣಿಯಲ್ಲಿ ನಿನ್ನೆಯ ನೀರು ಬೇಕೆಂದು ಯಾರಾದರೂ ಬಂದರೆ ನಮ್ಮ ಮನೆಯಲ್ಲಿ ಇದೆ.

ನಿನ್ನ ಅಕ್ಕ
ಇಂದುಬಾಯಿ